ಹೊರಟ ಗಾಡಿಯ ದೀಪ

ನಮ್ಮ ಮನೆಯಲ್ಲಿ ಕಾರಿತ್ತು ಎಂದರೆ ಕೇಳಿದವರು ತಕ್ಷಣ ನಮ್ಮನ್ನು ಅನುಕೂಲಸ್ಥರ ಪಟ್ಟಿಗೆ ಸೇರಿಸಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ಕಾರಿತ್ತು ಎಂದಷ್ಟೇ ನಾನು ಹೇಳಿದ್ದು. ಓಡುತ್ತಿತ್ತು ಎಂದು ಹೇಳಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದ್ರಾಸಿನ ಮಾಂಬಲಂನಲ್ಲಿ, ರೈಲುಹಳಿಯ ಪಶ್ಚಿಮಕ್ಕೆ ನಮ್ಮ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮೂರೇ ಜನ. ಅಪ್ಪ ಇನ್ಶೂರೆನ್ಸ್ ಆಫೀಸಿನಲ್ಲಿ ಒಂದು ಮಟ್ಟದ ಅಧಿಕಾರಿ. ಅವರ ಮೇಲಿನವರೊಬ್ಬರು ಕಲ್ಕತ್ತೆಗೆ ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಕಪ್ಪು ಕಾರನ್ನು ಅಪ್ಪನ ತಲೆಗೆ ಕಟ್ಟಿ ಹೋದರು. ಅಪ್ಪ ಅದನ್ನು ಬಡ್ತಿ ಎಂದು ತಿಳಿದರು. ಆಫೀಸಿಗೆ ಮಾತ್ರ ಬಸ್ಸಿನಲ್ಲೇ ಹೋಗುತ್ತಿದ್ದರು, ಕಾರು ಸವೆಯುತ್ತದಲ್ಲ! ತಿಂಗಳಿಗೆ ಎರಡು ಭಾನುವಾರ ಮಠಕ್ಕೆ, ವರ್ಷಕ್ಕೆ ಮೂರೋ ನಾಲ್ಕೋ ಮದುವೆಗೆ ಅದು ಹೊರಗೆ ಬರುತ್ತಿತ್ತು. ಉಳಿದ ದಿನವೆಲ್ಲ ತಗಡಿನ ಶೆಡ್ಡಿನಲ್ಲಿ ಅಮ್ಮನ ಹಳೆಯ ಸೀರೆ ಹೊದ್ದು ಮಲಗಿರುತ್ತಿತ್ತು.

ಹೀಗೆ ಮಲಗಿದ ಕಾರಿನಲ್ಲಿ ಮೊದಲು ಸಾಯುವುದು ಬ್ಯಾಟರಿ. ಇದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಎರಡು ವರ್ಷ ಆ ಬ್ಯಾಟರಿಯ ದಾದಿ ನಾನೇ ಆಗಿದ್ದೆ. ಪ್ರೀತಿಯಿಂದಲ್ಲ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೆಲಸಕ್ಕೆ ಹೋಗುತ್ತೇನೆ ಎಂದಾಗ ಅಪ್ಪ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಅವರು ಒಂದು ಷರತ್ತು ಹಾಕಿದರು.

"ಹೋಗು, ಯಾರು ಬೇಡ ಅಂದ್ರು? ಕಾರಲ್ಲಿ ಹೋಗು, ಕಾರಲ್ಲಿ ಬಾ. ಎಲೆಕ್ಟ್ರಿಕ್ ರೈಲು ಗೀಲು ಮಾತ್ರ ನಮ್ಮನೆ ಹೆಂಗಸರಿಗೆ ಬೇಡ."

"ರೈಲಲ್ಲಿ ಲೇಡೀಸ್ ಕಂಪಾರ್ಟ್‌ಮೆಂಟ್ ಇದೆಯಲ್ಲಪ್ಪ."

"ಅದಕ್ಕೆ ಹತ್ತೋಕೆ ಪ್ಲಾಟ್‌ಫಾರಂ ಮೇಲೆ ನಿಲ್ಲಬೇಕೋ ಇಲ್ಲವೋ? ಪ್ಲಾಟ್‌ಫಾರಂ ಏನು ಲೇಡೀಸಾ?"

"ದಿನಾ ಕಾರಲ್ಲಿ ಬಿಡೋರು ಯಾರು?"

"ಡ್ರೈವರ್ ಇಟ್ಟರಾಯ್ತು. ನಿನ್ನ ಸಂಬಳ ಬರತ್ತಲ್ಲ!"

ಅಂದರೆ ಕೆಲಸಕ್ಕೆ ಹೋಗಲು ಕಾರು ಬೇಕು, ಕಾರಿಗೆ ಡ್ರೈವರ್ ಬೇಕು, ಡ್ರೈವರಿಗಾಗಿ ನಾನು ಕೆಲಸ ಮಾಡಬೇಕು. ಈ ತರ್ಕವನ್ನು ಮುರಿಯಲು ನನಗೆ ಆಗಲಿಲ್ಲ. ಕೊನೆಗೆ ನಾನು ಅರ್ಥ ಮಾಡಿಕೊಂಡದ್ದು ಇಷ್ಟೇ: ಎಲ್ಲಾದರೂ ಕೆಲಸ ಸಿಗುವ ಹೊತ್ತಿಗೆ ಕಾರು ಜೀವಂತವಾಗಿರಬೇಕು, ಇಲ್ಲದಿದ್ದರೆ ನನ್ನ ಕಥೆ ಮುಗಿಯಿತು.

ಹಾಗಾಗಿ ಪ್ರತಿ ಭಾನುವಾರ ಬೆಳಗ್ಗೆ ನಾನು ಬಾನೆಟ್ಟಿನೊಳಗೆ ತಲೆ ತೂರಿಸುತ್ತಿದ್ದೆ. ಬ್ಯಾಟರಿಗೆ ಮೂರು ಮುಚ್ಚಳ. ಒಂದೊಂದನ್ನೇ ಬಿಚ್ಚಿ, ಒಳಗಿನ ತಗಡು ಮುಳುಗುವಷ್ಟು ನೀರಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಆದರೆ ಕಂಠಮಟ್ಟ ತುಂಬಿಸಬಾರದು. ತಂತಿ ಕಚ್ಚುವ ಎರಡು ಗೂಟಗಳ ಮೇಲೆ ಬಿಳಿ ಹಸಿರು ಬೂಷ್ಟಿನಂಥದ್ದು ಕಟ್ಟುತ್ತದೆ. ಬಿಸಿನೀರಿಗೆ ಅಡಿಗೆ ಸೋಡಾ ಕದಡಿ ಹೊಯ್ದರೆ ಬುಸುಬುಸು ನೊರೆ ಬಂದು ಕಳಚಿಕೊಳ್ಳುತ್ತದೆ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ವ್ಯಾಸಲಿನ್ ಬಳಿಯಬೇಕು. ನನ್ನ ಮೂರು ದಾವಣಿಗಳಲ್ಲಿ ಆಸಿಡ್ ಬಿದ್ದು ತೂತುಗಳಾದವು. ಬೆರಳ ತುದಿ ಒಡೆದು ಉರಿಯುತ್ತಿತ್ತು. ದಿನಾ ಸಂಜೆ ಹತ್ತು ನಿಮಿಷ ಶೆಡ್ಡಿನಲ್ಲೇ ಕೂತು ಇಂಜಿನ್ ಓಡಿಸಿ ಆರಿಸುತ್ತಿದ್ದೆ. ಕಾರು ಮುಂದೆ ಹೋಗುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ, ಬ್ಯಾಟರಿ ಮಾತ್ರ ಚಾರ್ಜ್ ಆಗುತ್ತಿತ್ತು.

ಅಪ್ಪ ಆಗೇನು ಮಾಡುತ್ತಿದ್ದರು? ಪಕ್ಕದಲ್ಲಿ ಕೈಕಟ್ಟಿ ನಿಂತು ಕಾರಿನ ಜತೆ ಬಂದ ಪುಸ್ತಕ ಓದಿ ಹೇಳುತ್ತಿದ್ದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರೆ ಅವರ ಗಂಟಲು ಒಂದು ಸುತ್ತು ದೊಡ್ಡದಾಗುತ್ತಿತ್ತು. ಬ್ಯಾಟರಿ ಎಂದರೆ ಹಸುಗೂಸು, ಅದನ್ನು ತಮ್ಮ ಹಾಗೆ ನೋಡಿಕೊಳ್ಳುವವರು ಮಾಂಬಲಂನಲ್ಲೇ ಇಲ್ಲ ಎಂದು ಅವರಿಗೆ ಭಾಷಣ. ಸೋಡಾ ನೀರು ಹೊಯ್ಯುತ್ತಿದ್ದ ನನ್ನ ಕೈಯನ್ನು ಅವರೂ ನೋಡುತ್ತಿರಲಿಲ್ಲ, ಕೇಳುವವರೂ ನೋಡುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಬಾಯಿ ಮುಚ್ಚಿಕೊಂಡು ವ್ಯಾಸಲಿನ್ ಬಳಿಯುತ್ತಿದ್ದೆ.

ಈ ಭಾಷಣವೂ ಕನ್ನಡದಲ್ಲೇ. ಮದ್ರಾಸಿನಲ್ಲಿ ಮೂವತ್ತೈದು ವರ್ಷ ಕಳೆದರೂ ಅಪ್ಪ ತಮಿಳು ಮಾತಾಡಲಿಲ್ಲ. ಬರುತ್ತಿರಲಿಲ್ಲ ಎಂದಲ್ಲ, ಆಡುವುದಿಲ್ಲ ಎಂಬ ಹಟ. ನಿಧಾನವಾಗಿ, ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಕನ್ನಡ ಯಾರಿಗಾದರೂ ಅರ್ಥವಾಗಿಯೇ ಆಗುತ್ತದೆ ಎಂದು ನಂಬಿದ್ದರು. ಮನೆಯೊಳಗಂತೂ ತಮಿಳಿಗೆ ಪ್ರವೇಶವಿಲ್ಲ. ಸ್ಕೂಲು, ಕಾಲೇಜು, ಗೆಳತಿಯರು ಎಲ್ಲ ತಮಿಳಾಗಿದ್ದ ನನ್ನ ಬಾಯಲ್ಲಿ ಅದು ತಪ್ಪಿ ಬಂದರೆ ಗುಡುಗುತ್ತಿದ್ದರು.

"ಒಳಗೆ ತಮಿಳು ಬೇಡ ಅಂತ ಎಷ್ಟು ವಾಟಿ ಹೇಳೋದು ನಿಂಗೆ?"

ವಾಟಿ ಎಂದರೆ ಸಲ. ಅದು ಅಪ್ಪಟ ತಮಿಳು. ಇದನ್ನು ಅವರಿಗೆ ಹೇಳುವ ಧೈರ್ಯ ನನಗೂ ಇರಲಿಲ್ಲ, ಅಮ್ಮನಿಗೂ ಇರಲಿಲ್ಲ.

ಅಪ್ಪನ ಶುದ್ಧ ಕನ್ನಡದಿಂದ ಒಂದು ಸಲ ನಮ್ಮ ಮರ್ಯಾದೆಯೇ ಹೋಗುವುದರಲ್ಲಿತ್ತು. ಡಿಸ್ಟಿಲ್ಡ್ ವಾಟರ್ ಎಂಬ ಇಂಗ್ಲಿಷಾದರೂ ಯಾಕೆ ಎಂದುಕೊಂಡು, ಮಠದ ಜಗುಲಿಯಲ್ಲಿ ಹತ್ತು ಜನ ಕನ್ನಡದವರ ಮುಂದೆ ಅಪ್ಪ ಗಟ್ಟಿಯಾಗಿ ಹೇಳಿದರು: "ನಮ್ಮನೇಲಿ ಪ್ರತಿ ಭಾನುವಾರ ಬಟ್ಟಿ ಇಳಿಸಿದ್ದು ಒಂದು ಬಾಟ್ಲಿ ತಪ್ಪದೆ ಬೇಕು." ಊರಲ್ಲೆಲ್ಲ ಪಾನನಿಷೇಧ ಇದ್ದ ಕಾಲ. ಅಲ್ಲಿದ್ದ ಒಬ್ಬ ಹಿರಿಯರು ಮುಂದಿನ ವಾರ ಅಮ್ಮನನ್ನು ಪಕ್ಕಕ್ಕೆ ಕರೆದು, ನಿಮ್ಮವರು ಯಾವಾಗಿನಿಂದ ಹೀಗೆ, ಏನಾದರೂ ಹರಕೆ ಹೊತ್ತುಕೊಳ್ಳಿ ಎಂದು ಸಮಾಧಾನ ಹೇಳಿದರು. ಅಮ್ಮ ಅಂದಿನಿಂದ ಆ ಬಾಟಲಿಯನ್ನು ಅಡುಗೆಮನೆಯ ಕಡೆಗೆ ಬರಗೊಡಲಿಲ್ಲ.

ಇರಲಿ. ಆ ಬೇಸಿಗೆಯ ಕೊನೆಗೆ ತಾಂಬರಂನ ಒಂದು ಹೆಣ್ಣುಮಕ್ಕಳ ಶಾಲೆಯಿಂದ ನನಗೆ ಕಾಗದ ಬಂತು. ವಿಜ್ಞಾನದ ಟೀಚರ್, ಒಂದೇ ಜಾಗ, ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಇಂಟರ್‌ವ್ಯೂ, ಮೂಲ ಸರ್ಟಿಫಿಕೇಟುಗಳನ್ನು ತರತಕ್ಕದ್ದು. ನಾನು ಆ ಕಾಗದವನ್ನು ಹತ್ತು ಸಲ ಓದಿದೆ. ಅಪ್ಪ ಒಂದೇ ಸಲ ಓದಿ ಪಂಚಾಂಗ ತೆಗೆದರು.

"ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ," ಎಂದರು.

ಇಂಟರ್‌ವ್ಯೂಗೆ ಎಂಟೂಕಾಲಿಗೆ ಹೊರಡಬೇಕು. ಅದು ರಾಹುವಿನ ಹೊಟ್ಟೆಯ ನಡುಮಧ್ಯ. ಏಳಕ್ಕೇ ಹೊರಟುಬಿಡೋಣ ಎಂದೆ. ಅದಾಗದು. ಅಷ್ಟು ಬೇಗ ಹೋಗಿ ಗೇಟಿನ ಮುಂದೆ ಕಾದು ಕೂತರೆ ಕೆಲಸಕ್ಕಾಗಿ ಅಲೆಯುವವರ ಹಾಗೆ ಕಾಣುತ್ತದಂತೆ. ನಾನು ಕೆಲಸಕ್ಕಾಗಿಯೇ ಹೋಗುತ್ತಿದ್ದೇನೆ ಎಂಬುದು ಅವರ ತಲೆಗೆ ಹೋಗಲೇ ಇಲ್ಲ.

ಇದಕ್ಕೆ ನಮ್ಮಲ್ಲಿ ಹಳೆಯ ಉಪಾಯವೊಂದಿದೆ. ಪರಸ್ಥಾನ ಇಡುವುದು ಎನ್ನುತ್ತಾರೆ. ಒಳ್ಳೆಯ ಹೊತ್ತಿನಲ್ಲಿ ಹೊರಡಲು ಆಗದಿದ್ದರೆ, ಹೋಗುವವರ ಒಂದು ವಸ್ತುವನ್ನು, ಚೀಲವನ್ನೋ ಕೊಡೆಯನ್ನೋ, ಆ ಒಳ್ಳೆಯ ಹೊತ್ತಿನಲ್ಲೇ ಹೊಸ್ತಿಲಾಚೆ ತೆಗೆದು ಬೇರೆಯವರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಹೋಗಿ ಅದನ್ನೆತ್ತಿಕೊಂಡು ನಡೆಯಬಹುದು. ಆದರೆ ಇಟ್ಟ ವಸ್ತುವನ್ನು ನಡುವೆ ವಾಪಸು ತರಬಾರದು, ತಂದರೆ ಪ್ರಯಾಣ ಮುರಿದಂತೆ. ಅಮ್ಮ ನನ್ನ ಕೊಡೆಯನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತೇನೆ ಎಂದಳು. ಅಷ್ಟು ಮಾಡಿದ್ದರೆ ಸಾಕಿತ್ತು. ಆದರೆ ಅಪ್ಪ ನಕ್ಕುಬಿಟ್ಟರು.

"ಕಾರಿರೋರು ಕೊಡೆ ಯಾಕೆ ಇಡಬೇಕು? ಕಾರನ್ನೇ ಇಡೋಣ!"

ಸೋಮವಾರ ಬೆಳಗ್ಗೆ ಏಳೂಕಾಲಿಗೆ ಅಪ್ಪ ಕಾರನ್ನು ಶೆಡ್ಡಿನಿಂದ ತೆಗೆದು, ಗೇಟು ದಾಟಿಸಿ, ಬೀದಿಯಲ್ಲಿ ನಾಲ್ಕು ಮನೆಯಾಚೆ ತಾಂಬರಂ ಕಡೆಗೆ ಮುಖ ಮಾಡಿ ನಿಲ್ಲಿಸಿದರು. ಹೊರಡುವವಳ ವಸ್ತು ಇರಬೇಕಲ್ಲ, ನನ್ನ ಸರ್ಟಿಫಿಕೇಟಿನ ಫೈಲನ್ನು ಹಿಂದಿನ ಸೀಟಿನಲ್ಲಿ ಇಟ್ಟರು. ಪೆಟ್ರೋಲು ಉಳಿಯಲಿ ಎಂದು ಇಂಜಿನ್ ಆರಿಸಿದರು. ಆದರೆ ಇಂಜಿನ್ ಆರಿಸಿದ ಕೂಡಲೇ ಅವರಿಗೆ ಒಂದು ಧರ್ಮಸಂಕಟ ಬಂತು. ಪೂರ್ತಿ ಆರಿಸಿದರೆ ಪ್ರಯಾಣ ನಿಂತಂತೆ ಆಗುವುದಿಲ್ಲವೇ? ಅದಕ್ಕೂ ಅವರೇ ಪರಿಹಾರ ಕಂಡುಹಿಡಿದರು. ಮುಂದಿನ ಎರಡೂ ದೊಡ್ಡ ದೀಪ ಹಾಕಿ ಬಾಗಿಲಿಗೆ ಬೀಗ ಹಾಕಿಕೊಂಡು, ಸಂತೋಷವಾಗಿ ಒಳಗೆ ಬಂದು ಸಂಧ್ಯಾವಂದನೆಗೆ ಕೂತರು.

ನಾನು ತಲೆ ಬಾಚಿಕೊಳ್ಳುತ್ತಾ ಕಿಟಕಿಯಿಂದ ನೋಡಿದೆ. ಮದ್ರಾಸಿನ ಮೇ ತಿಂಗಳ ಬಿಸಿಲು ಆಗಲೇ ಕಣ್ಣಿಗೆ ಚುಚ್ಚುತ್ತಿತ್ತು. ಆ ಬಿಸಿಲಲ್ಲಿ ನಮ್ಮ ಕಾರಿನ ದೀಪಗಳು ಉರಿಯುತ್ತಿದ್ದವು. ಬಾಚಣಿಗೆ ಹಿಡಿದೇ ಒಳಗೆ ಓಡಿದೆ.

"ಅಪ್ಪಾ, ಮುಂದಿನ ಲೈಟು ಹಾಗೇ ಉರೀತಿದೆ!"

ಅಪ್ಪ ಕೈಸನ್ನೆಯಲ್ಲಿ ತಡೆದು, ಆಚಮನ ಮುಗಿಸಿ ಹೇಳಿದರು: "ಉರೀಲಿ. ಹೊರಟ ಗಾಡಿಯ ದೀಪ ಆರಿಸಬಾರದು."

"ಬ್ಯಾಟ್ರಿ ಇಳಿದುಹೋಗತ್ತಪ್ಪ! ಮೂರು ವರ್ಷದ ಹಳೇ ಬ್ಯಾಟ್ರಿ. ಒಂದು ಗಂಟೆ ತಡೆಯಲ್ಲ. ಬೀಗದ ಕೈ ಕೊಡಿ, ನಾನು ಹೋಗಿ..."

"ಮುಟ್ಟಬೇಡ. ಶುಭಕಾರ್ಯಕ್ಕೆ ಹೋಗುವಾಗ ದೀಪ ಆರಿಸ್ತೀನಿ ಅಂತೀಯಲ್ಲ, ನಾಲಿಗೆ ಮೇಲೆ ಹಿಡಿತ ಇರಲಿ. ಎರಡು ವರ್ಷ ಆ ಬ್ಯಾಟ್ರೀನ ನಾನು ಮಗು ಹಾಗೆ ನೋಡ್ಕೊಂಡಿರೋದು ಇಂಥ ದಿನಕ್ಕೇ ಅಲ್ವೇನೇ?"

ನಾನು ನೋಡ್ಕೊಂಡಿರೋದು ಎಂದರು! ಆ ಒಂದು ಮಾತಿಗೆ ನನ್ನ ಕೈಯಲ್ಲಿದ್ದ ಬಾಚಣಿಗೆ ಅವರ ತಲೆಯ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ. ಎಂಟೂಕಾಲಿನ ತನಕ ನಾನು ಕಿಟಕಿಯ ಸರಳು ಹಿಡಿದು ನಿಂತೆ. ದೀಪ ಹಳದಿಯಾಯಿತು, ಕೆಂಪಾಯಿತು, ಕೊನೆಗೆ ಊದಿನಕಡ್ಡಿಯ ತುದಿಯಷ್ಟಾಯಿತು. ನನ್ನ ನೌಕರಿ ಕಣ್ಣೆದುರೇ ಹಗಲು ಬೆಳಕಲ್ಲಿ ಆರಿಹೋಗುತ್ತಿತ್ತು, ಅಪ್ಪ ಒಳಗೆ ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಕೇಳುತ್ತಿದ್ದರು.

ಎಂಟೂಕಾಲಿಗೆ ಮೂವರೂ ಹೋಗಿ ಕಾರು ಹತ್ತಿದೆವು. ಅಮ್ಮ ಯಾಕೆಂದರೆ, ಮಗಳ ಜತೆ ತಾಯಿ ಇದ್ದರೆ ಘನತೆ. ಅಪ್ಪ ಸ್ವಿಚ್ ತಿರುಗಿಸಿ ಸ್ಟಾರ್ಟರ್ ಎಳೆದರು. ಕ್ಲಿಕ್ ಎಂದಿತು. ಇನ್ನೊಂದು ಸಲ ಎಳೆದರು. ಕ್ಲಿಕ್ ಎಂದು ಕೂಡ ಅನ್ನಲಿಲ್ಲ.

"ಏನೋ ಆಗಿದೆ," ಎಂದರು ಅಪ್ಪ.

"ಬ್ಯಾಟ್ರಿ ಸತ್ತಿದೆ," ಎಂದೆ ನಾನು. "ಹ್ಯಾಂಡಲ್ ಹಾಕಿ ತಿರುಗಿಸಿ."

ಹ್ಯಾಂಡಲ್ ಎಲ್ಲಿತ್ತು? ಹಿಂದಿನ ವರ್ಷ ಅದು ತಿರುಗಿಸುವಾಗ ವಾಪಸು ಒದ್ದು ಅಪ್ಪನ ಮಣಿಕಟ್ಟು ಊದಿಸಿತ್ತು. ಅಂದಿನಿಂದ ಅದು ಅಪಶಕುನದ ವಸ್ತುವಾಗಿ, ಅಮ್ಮನ ಹಿತ್ತಲ ಬಾಗಿಲಿಗೆ ಅಗುಳಿಯಾಗಿತ್ತು. ಓಡಿಹೋಗಿ ತರುತ್ತೇನೆ ಎಂದೆ. ಹೊರಟವರು ಮತ್ತೆ ಮನೆಯ ಹೊಸ್ತಿಲು ತುಳಿಯಬಾರದು ಎಂದು ಅಪ್ಪ ತಡೆದರು. ಹಾಗಾದರೆ ಉಳಿದದ್ದು ಒಂದೇ ದಾರಿ. ಯಾರಾದರೂ ಕಾರನ್ನು ತಳ್ಳಬೇಕು, ವೇಗ ಬಂದಾಗ ಅಪ್ಪ ಗೇರು ಹಾಕಿ ಕ್ಲಚ್ಚಿನಿಂದ ಕಾಲು ತೆಗೆಯಬೇಕು.

ಬೀದಿಯ ತಿರುವಿನಲ್ಲಿ ಪಿಳ್ಳೈಯಾರ್ ಗುಡಿ, ಅಂದರೆ ನಮ್ಮ ಗಣಪತಿಯದೇ. ಅದರ ಮುಂದೆ ಚಹಾ ಕುಡಿಯುವವರು, ಸೈಕಲ್ ಹಿಡಿದವರು, ಹಾಲಿನವನು, ಎಂಟು ಹತ್ತು ಜನ ಗಟ್ಟಿಮುಟ್ಟಾದ ಗಂಡಸರು ಆಗಲೇ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎರಡು ಕೈಯನ್ನೂ ಮುಂದಕ್ಕೆ ಆಡಿಸುತ್ತಾ, ಬಹಳ ಮರ್ಯಾದೆಯಿಂದ ಕೂಗಿದರು.

"ಸ್ವಾಮೀ, ತಳ್ಳಿ! ಸ್ವಲ್ಪ ತಳ್ಳಿ!"

ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ತಳ್ಳಿ! ಎಲ್ಲಾರೂ ತಳ್ಳಿ!"

ಇನ್ನೂ ಎರಡು ಹೆಜ್ಜೆ ಸರಿದರು. ಸೈಕಲ್ಲಿನವರು ಸೈಕಲ್ಲನ್ನು ಚರಂಡಿಯ ಅಂಚಿಗೆ ಒರಗಿಸಿದರು. ಹಾಲಿನವನು ತನ್ನ ಎಮ್ಮೆಯನ್ನು ಎಳೆದು ಗೋಡೆಗೆ ಒತ್ತಿ ನಿಲ್ಲಿಸಿದ. ಅಪ್ಪ ಕೂಗಿದಷ್ಟೂ ಬೀದಿ ಖಾಲಿಯಾಗುತ್ತಾ ಹೋಯಿತು.

ಆಗದೆ ಏನು ಮಾಡೀತು? ಕನ್ನಡದಲ್ಲಿ ತಳ್ಳಿ ಎಂದರೆ ದಯವಿಟ್ಟು ನೂಕಿ. ತಮಿಳಿನಲ್ಲಿ ತಳ್ಳಿ ಎಂದರೆ ದೂರ, ಅತ್ತ. "ತಳ್ಳಿ ನಿಲ್ಲು" ಎಂದು ಮದ್ರಾಸಿನ ಬಸ್ ಕಂಡಕ್ಟರು ದಿನವಿಡೀ ಕೂಗುತ್ತಾರೆ. ದೊಡ್ಡ ಕಾರಿನಲ್ಲಿ ಕೂತ ಪಂಚಕಚ್ಚೆಯ ದೊಡ್ಡ ಮನುಷ್ಯರು ದೂರ ಹೋಗಿ ಎಂದು ಕೈಬೀಸಿದರೆ, ಪಾಪ, ಅವರು ದೂರ ಹೋದರು.

"ಎಂಥಾ ಜನ ನೋಡು, ಒಬ್ಬನಿಗಾದರೂ ಸಹಾಯ ಮಾಡೋ ಬುದ್ಧಿ ಇದೆಯಾ?" ಎಂದು ಅಪ್ಪ ಅಮ್ಮನ ಕಡೆ ತಿರುಗಿದರು.

ಎಂಟೂಮುಕ್ಕಾಲಾಗುತ್ತಾ ಬಂದಿತ್ತು. ನನ್ನ ತಾಳ್ಮೆ ಕಿತ್ತುಹೋಯಿತು. ಇಳಿಯಬೇಡ, ಪ್ರಯಾಣ ಮುರಿಯತ್ತೆ ಎಂದು ಅಪ್ಪ ಅರಚುತ್ತಿರುವಾಗಲೇ ಧಡಾರನೆ ಬಾಗಿಲು ತೆಗೆದು ಇಳಿದೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ನಡುವೆ ನಿಂತು, ಅಪ್ಪನ ಎದುರಿಗೇ, ಹೊಟ್ಟೆಯೊಳಗಿನ ಅಷ್ಟೂ ಸಿಟ್ಟು ಸೇರಿಸಿ ಕೂಗಿದೆ.

"ವಂಡಿ ಕಿಳಂಬಲೆ! ಎಲ್ಲಾರುಂ ವಂದು ತಳ್ಳುಂಗ!"

ಗಾಡಿ ಹೊರಡುತ್ತಿಲ್ಲ, ಎಲ್ಲರೂ ಬಂದು ತಳ್ಳಿ ಎಂದು. ತಳ್ಳುಂಗ ಎಂದರೆ ತಳ್ಳಿ. ಅಂದರೆ ಅಪ್ಪನ ತಳ್ಳಿ. ಅಷ್ಟೇ ವ್ಯತ್ಯಾಸ.

"ಅಡಡೆ, ತಳ್ಳಣುಮಾ? ಮುದಲ್‌ಲೇಯೇ ಸೊಲ್ಲಕ್ಕೂಡಾದಾ?" ಎನ್ನುತ್ತಾ ಎಲ್ಲರೂ ನುಗ್ಗಿ ಬಂದರು. ಮೊದಲೇ ಹೇಳಬಾರದಿತ್ತೇ ಎಂದು ಅವರ ಪ್ರಶ್ನೆ. ಹತ್ತು ಜನರ ಕೈ ಡಿಕ್ಕಿಗೆ ಬಿತ್ತು, ನಾನೂ ಎರಡು ಕೈ ಕೊಟ್ಟೆ. ಕಾರು ಉರುಳಿತು, ಓಡಿತು, ಒಂದು ಸಲ ಮುಗ್ಗರಿಸಿ ಕೆಮ್ಮಿತು, ಕಪ್ಪು ಹೊಗೆ ಬಿಟ್ಟು ಗರ್ ಎಂದು ಸ್ಟಾರ್ಟ್ ಆಯಿತು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಹೋದರು.

ಹೋದರು ಎಂದರೆ ಹೋಗಿಯೇಬಿಟ್ಟರು. ನಾನು ಬೀದಿಯಲ್ಲಿ ನಿಂತಿದ್ದೆ. ಇಂಟರ್‌ವ್ಯೂ ಇದ್ದದ್ದು ನನಗೆ. ನನ್ನ ಅಪ್ಪ, ಅಮ್ಮ ಮತ್ತು ಸರ್ಟಿಫಿಕೇಟುಗಳು ಇಂಟರ್‌ವ್ಯೂಗೆ ಹೋದವು.

ನಿಲ್ಲಿಸಿದರೆ ಇಂಜಿನ್ ಆರುತ್ತದೆ, ಆರಿದರೆ ಮತ್ತೆ ಹತ್ತುವುದಿಲ್ಲ ಎಂಬ ಭಯ ಅಪ್ಪನಿಗೆ. ಗುಡಿಯ ಹಿಂದಿನ ಬೀದಿಗಳಲ್ಲಿ ಸುತ್ತು ಹಾಕಿ ಕಾರು ವಾಪಸು ಬಂತು. "ಹತ್ತೇ! ಓಡಿ ಬಂದು ಹತ್ತೇ!" ಎಂದು ಅಪ್ಪ ಕೂಗುತ್ತಾ ನನ್ನ ಮುಂದೆಯೇ ಸಾಗಿದರು. ರೇಷ್ಮೆ ಸೀರೆಯಲ್ಲಿ ಓಡುವ ಕಾರು ಹತ್ತುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಎರಡನೇ ಸುತ್ತಿಗೆ ಅಮ್ಮ ಕಿಟಕಿಗೆ ಬಂದಳು. "ನಿಲ್ಸಿ ಅಂದ್ರೆ ನಿಲ್ಸಲ್ಲ ಅಂತಾರೆ ಕಣೇ!" ಎಂದು ಅವಳ ಧ್ವನಿ ತೇಲಿಹೋಯಿತು. ಜನ್ಮದಲ್ಲಿ ಆ ಗುಡಿಗೆ ಕಾಲಿಡದ ಅಪ್ಪ ಅಂದು ಪಿಳ್ಳೈಯಾರಿಗೆ ಕಾರಿನಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು. ಚಹಾ ಕುಡಿಯುವವರಿಗೆ ಪುಕ್ಕಟೆ ತಮಾಷೆ. ನನಗೆ ನಗು ಬರಲಿಲ್ಲ. ಅಳು ಒತ್ತಿಕೊಂಡು ಬರುತ್ತಿತ್ತು. ಎರಡು ವರ್ಷದ ಸೋಡಾ, ವ್ಯಾಸಲಿನ್, ತೂತು ದಾವಣಿ ಎಲ್ಲ ಹೀಗೆ ಬೀದಿಯಲ್ಲಿ ಗಿರಕಿ ಹೊಡೆಯುವುದಕ್ಕೇನೇ ಎಂದು.

ಮೂರನೇ ಸುತ್ತಿಗೆ ನಾನು ಓಡಲಿಲ್ಲ. ಕೈ ಚಾಚಿ ನಿಂತೆ.

"ಅಮ್ಮಾ, ಫೈಲು ಎಸಿ!"

"ಮುಟ್ಟಬೇಡ್ವೇ, ಅದು ಪರಸ್ಥಾನ!" ಎಂದು ಮುಂದಿನ ಸೀಟಿನಿಂದ ಕೂಗು ಕೇಳಿತು. ಆದರೆ ಫೈಲು ಆಗಲೇ ಗಾಳಿಯಲ್ಲಿತ್ತು. ಅಮ್ಮ ಜೀವಮಾನದಲ್ಲಿ ಏನನ್ನೂ ಎಸೆದವಳಲ್ಲ, ಆದರೂ ಗುರಿ ತಪ್ಪಲಿಲ್ಲ. ನಾನು ಅದನ್ನು ಎದೆಗೆ ಅವುಚಿಕೊಂಡು, ಕಾರು ಹೋದ ಕಡೆಗೆ ತಿರುಗಿಯೂ ನೋಡದೆ ಮಾಂಬಲಂ ಸ್ಟೇಷನ್ನಿಗೆ ನಡೆದೆ. ಟಿಕೆಟ್ ಕಿಂಡಿಯಲ್ಲಿ ಸಿಂಗಲ್ಲಾ ರಿಟರ್ನಾ ಎಂದು ಕೇಳಿದರು. "ರಿಟರ್ನ್" ಎಂದೆ.

ಅಪ್ಪ ಅಷ್ಟು ಹೆದರಿಸಿದ್ದ ಪ್ಲಾಟ್‌ಫಾರಂ ಮೇಲೆ ನನ್ನನ್ನು ಒಬ್ಬರೂ ನೋಡಲಿಲ್ಲ. ಎಲ್ಲರಿಗೂ ಅವರವರ ಅವಸರ. ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಳಿ ಬಂತು. ಮುಖ ಒರೆಸಿಕೊಂಡೆ, ಅಂಗೈಯಲ್ಲಿ ಕಾರಿನ ಮಸಿ ಇತ್ತು.

ಶಾಲೆ ತಲುಪಿದಾಗ ಒಂಬತ್ತೂಮುಕ್ಕಾಲು. ನನ್ನ ಹೆಸರು ಪಟ್ಟಿಯ ಕೊನೆಯಲ್ಲಿದ್ದುದರಿಂದ ಬಚಾವಾದೆ. ಹೆಡ್‌ಮಿಸ್ಟ್ರೆಸ್ ವಿಜ್ಞಾನದ ನಾಲ್ಕು ಪ್ರಶ್ನೆ ಕೇಳಿದರು, ಹೇಳಿದೆ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿ ಕೇಳಿದರು: "ಮಾಂಬಲಂನಿಂದ ದಿನಾ ಹೇಗೆ ಬರುತ್ತೀರಿ?"

ಕಾರಿನಲ್ಲಿ ಎನ್ನಬೇಕು. ಬೆಳಗಿನಿಂದ, ಬೆಳಗಿನಿಂದೇನು ಎರಡು ವರ್ಷದಿಂದ, ನಾನು ಸಿದ್ಧ ಮಾಡಿಟ್ಟುಕೊಂಡ ಉತ್ತರ ಅದು. ನನ್ನ ಬಾಯಿಂದ ಬಂದದ್ದು ಬೇರೆ.

"ಎಲೆಕ್ಟ್ರಿಕ್ ರೈಲಿನಲ್ಲಿ."

"ಒಳ್ಳೆಯದು," ಎಂದರು ಆಕೆ. "ಹಿಂದಿನ ಟೀಚರ್ ಕಾರಿನಲ್ಲಿ ಬರುತ್ತಿದ್ದರು. ಕಾರಿಗೆ ಹುಷಾರಿಲ್ಲದಾಗಲೆಲ್ಲ ಅವರಿಗೆ ರಜೆ. ಮುಂದಿನ ಸೋಮವಾರದಿಂದ ಬರಲಾಗುತ್ತದೆಯೇ?"

ಹೊರಗೆ ಬಂದಾಗ ಗೇಟಿನಲ್ಲಿ ಗದ್ದಲ. ನಮ್ಮ ಕಾರು ಗೇಟಿಗೆ ಅಡ್ಡವಾಗಿ ನಿಂತು ಗಡಗಡ ನಡುಗುತ್ತಿತ್ತು. ಅಪ್ಪ ಸ್ಟಿಯರಿಂಗ್ ಬಿಡದೆ, ಆಕ್ಸಿಲರೇಟರಿನಿಂದ ಕಾಲು ತೆಗೆಯದೆ, ಬೆವರು ಸುರಿಸುತ್ತಾ ಕೂತಿದ್ದರು. ಕಾವಲಿನವನು "ತಳ್ಳಿ ನಿಪ್ಪಾಟ್ಟುಂಗ ಸಾರ್, ತಳ್ಳಿ!" ಎಂದು, ದೂರ ಹೋಗಿ ನಿಲ್ಲಿಸಿ ಎಂದು, ಬಡಿದುಕೊಳ್ಳುತ್ತಿದ್ದ. "ತಳ್ಳೋದು ಬೇಡಪ್ಪ, ಓಡ್ತಾ ಇದೆ," ಎಂದು ಅಪ್ಪ ಅವನಿಗೆ ಕನ್ನಡದಲ್ಲಿ, ನಿಧಾನವಾಗಿ, ಗಟ್ಟಿಯಾಗಿ ತಿಳಿಹೇಳುತ್ತಿದ್ದರು. ಕಾರು ಕೊಟ್ಟ ಗಾಬರಿಯಲ್ಲಿ ಮೂವತ್ತೈದು ವರ್ಷ ಕೇಳಿದ ತಮಿಳೂ ಅವರ ಕಿವಿಯಿಂದ ಇಳಿದುಹೋಗಿತ್ತು.

"ಕೆಲಸ ಆಯ್ತು," ಎಂದೆ.

ಅಪ್ಪನ ಮುಖ ಅರಳಿತು. "ನೋಡಿದ್ಯಾ! ಏಳೂಕಾಲಿಗೆ ಹೊರಡಿಸಿದ್ದು ನಾನು! ಹೂಂ, ಹತ್ತು ಬೇಗ, ಆರಿಹೋಗತ್ತೆ."

ಸಿಟ್ಟು ಮಾಡಬೇಕೆಂದಿದ್ದೆ, ಆಗಲಿಲ್ಲ. ಆ ಬೆವರು ನೋಡಿ ಕರುಳು ಚುರುಕ್ಕೆಂದಿತು. ಆದರೂ ಹತ್ತಲಿಲ್ಲ.

"ನನ್ನ ಹತ್ರ ರಿಟರ್ನ್ ಟಿಕೆಟ್ ಇದೆ, ಅ‌ಪ್ಪ."

ಅವರು ಏನೋ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಅಮ್ಮ ಇಳಿದಳು. ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಬಂದು ನಿಂತಳು. ಮದ್ರಾಸಿಗೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ, ಮನೆಯ ಪಕ್ಕದಲ್ಲೇ ಓಡುವ ಆ ರೈಲನ್ನು ಅವಳು ಒಂದು ಸಲವೂ ಹತ್ತಿರಲಿಲ್ಲ.

"ನಂಗೂ ಒಂದು ಟಿಕೆಟ್ ತಗೋ," ಎಂದಳು.

ಅಪ್ಪ ನಿಜವಾಗಿ ಕಂಗಾಲಾದದ್ದು ಆಗ. "ಇಬ್ಬರೂ ಹೋದ್ರೆ ತಳ್ಳೋರು ಯಾರೇ?" ಎಂದರು.

ಅಮ್ಮ ಆಗಲೇ ನಡೆಯಲು ಶುರುಮಾಡಿದ್ದಳು.

ತಾಂಬರಂನಿಂದ ವಾಪಸು ಬರುವಾಗ ಪಲ್ಲಾವರಂ ಹತ್ತಿರ ದೊಡ್ಡ ರಸ್ತೆ ರೈಲುಹಳಿಯ ಪಕ್ಕದಲ್ಲೇ ಓಡುತ್ತದೆ. ಅಮ್ಮ ಕಿಟಕಿಗೆ ಮುಖವಿಟ್ಟು ಎಲ್ಲವನ್ನೂ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. ರಸ್ತೆಯಂಚಿನಲ್ಲಿ ನಮ್ಮ ಕಾರು ನಿಂತಿತ್ತು. ಅದರ ಮುಂದೆ ಅಪ್ಪ ಎರಡು ಕೈಯನ್ನೂ ಮುಂದಕ್ಕೆ ಆಡಿಸುತ್ತಾ ನಿಂತಿದ್ದರು. ಅವರ ಸುತ್ತ ಜನ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು.

ಅಮ್ಮ ಧಡಕ್ಕನೆ ಎದ್ದು ಕಿಟಕಿಯ ಸರಳು ಹಿಡಿದು ಕಂಪಾರ್ಟ್‌ಮೆಂಟೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು.

"ರೀ! ತಳ್ಳುಂಗ ಅನ್ನಿ! ತಳ್ಳುಂಗ!"

ಅಪ್ಪನಿಗೆ ಕೇಳಿಸುವ ಪ್ರಶ್ನೆಯೇ ಇರಲಿಲ್ಲ. ರೈಲು ಮುಂದೆ ಬಂದಾಗಿತ್ತು. ಅಮ್ಮ ಕೂತು ಸುಧಾರಿಸಿಕೊಂಡಳು.

"ಪಾಪ," ಎಂದಳು. ಆಮೇಲೆ ಕೇಳಿದಳು, "ಸೋಮವಾರ ಎಷ್ಟು ಗಂಟೆ ರೈಲಿಗೆ ಹೋಗ್ಬೇಕು ನೀನು?"

"ಏಳೂ ಐವತ್ತು."

"ರಾಹುಕಾಲ."

"ಹೌದು. ಇನ್ನು ಎಲ್ಲಾ ಸೋಮವಾರವೂ ರಾಹುಕಾಲವೇ."

ಅಮ್ಮ ಮನಸ್ಸಿನಲ್ಲೇ ಏನೋ ಗೊತ್ತುಮಾಡಿಕೊಂಡಳು.

"ಏಳೂಕಾಲಿಗೆ ನಿನ್ನ ಊಟದ ಡಬ್ಬೀನ ಪಕ್ಕದ ಮನೇಲಿ ಇಟ್ಟಿರ್ತೀನಿ, ಎತ್ತಿಕೊಂಡು ಹೋಗು. ಅದಕ್ಕೆ ಲೈಟ್ ಹಾಕೋದೇನೂ ಬೇಕಾಗಿಲ್ಲ."